ಅಸಮಕಾಲಿಕ ಸಂದೇಶಗಳ ಮಾರ್ಗನಿರ್ಣಯ

ಹುಕ್ಕೇರಿಯ ಉಪನೋಂದಣಿ ಕಚೇರಿಯಲ್ಲಿ ಒಂದು ಹೊಲದ ಕ್ರಯಪತ್ರವು ನೋಂದಣಿಯಾಯಿತೆಂದು ಭಾವಿಸೋಣ. ಪತ್ರವು ಕೈಸೇರಿದ ಮಾತ್ರಕ್ಕೆ ಕೊಂಡವನ ಹೆಸರು ಪಹಣಿಯಲ್ಲಿ, ಈ ಕಡೆಯ ರೂಢಿಯ ಮಾತಿನಲ್ಲಿ ಹೇಳುವುದಾದರೆ ಉತಾರದಲ್ಲಿ, ಏರುವುದಿಲ್ಲ. ನೋಂದಣಿ ಇಲಾಖೆಯ ‘ಕಾವೇರಿ’ ವ್ಯವಸ್ಥೆಯಿಂದ ಕಂದಾಯ ಇಲಾಖೆಯ ‘ಭೂಮಿ’ ವ್ಯವಸ್ಥೆಗೆ ಸಮಾಚಾರ ಹೋಗಬೇಕು. ಹಕ್ಕುಬದಲಾವಣೆಯ ನೋಟೀಸು ಹೊರಡಬೇಕು. ತಕರಾರಿಗೆ ಕಾಯಿದೆಯು ಕೊಟ್ಟ ಅವಧಿ ಕಳೆಯಬೇಕು. ಅನಂತರ ಅಧಿಕಾರಿಯ ಆದೇಶವಾಗಬೇಕು. ಕೇಳಿಕೆಗೂ ಉತ್ತರಕ್ಕೂ ನಡುವೆ ಹೀಗೆ ದಿನಗಳೇ ಉರುಳುತ್ತವೆ. ಈ ವಿಳಂಬಕ್ಕೆ ಯಂತ್ರವು ಕಾರಣವಲ್ಲ. ಕಾಯಿದೆಯೇ ಅದನ್ನು ವಿಧಿಸಿದೆ. ಅಷ್ಟು ದಿನಗಳ ಮೇಲೆ ಹೊರಡುವ ಉತ್ತರವು ಕೇಳಿದವನನ್ನೇ ತಲುಪುವಂತೆ ಮಾಡುವ ಬಗೆ ಹೇಗೆ? ಈ ಎರಡು ವ್ಯವಸ್ಥೆಗಳ ಒಳರಚನೆಯನ್ನು ಬಣ್ಣಿಸುವುದು ನಮ್ಮ ಉದ್ದೇಶವಲ್ಲ. ಇವುಗಳ ನಿದರ್ಶನದಿಂದ ಒಂದು ಸಾಮಾನ್ಯ ತತ್ತ್ವವನ್ನು ತಿಳಿಯಪಡಿಸಲು ಯತ್ನಿಸುತ್ತೇವೆ.

ಜಾಲದ ಸಾಮಾನ್ಯ ವ್ಯವಹಾರದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಕೇಳುವ ಯಂತ್ರವು, ಎಂದರೆ ಕ್ಲೈಂಟು, ಸರ್ವರಿನೊಡನೆ ಸಂಪರ್ಕವನ್ನು ತೆರೆದು ಕಾದಿರುತ್ತದೆ. ಉತ್ತರವು ಅದೇ ಸಂಪರ್ಕದಲ್ಲಿ ಹಿಂದಿರುಗುತ್ತದೆ. ತೆರೆದಿರುವ ತಂತಿಯೇ ವಿಳಾಸ. ಆದರೆ ವಾರಗಟ್ಟಲೆ ತಂತಿಯನ್ನು ತೆರೆದಿಡಲಾಗದು. ಆದುದರಿಂದ ಸರ್ವರು 202 ಎಂಬ ಸಂಕೇತವನ್ನು ಕೊಟ್ಟು, ‘ಸ್ವೀಕರಿಸಿದೆ, ಕೆಲಸ ಇನ್ನೂ ಮುಗಿದಿಲ್ಲ’ ಎಂದು ತಿಳಿಸಿ, ಸಂಪರ್ಕವನ್ನು ಮುಚ್ಚುತ್ತದೆ. ಆ ಕ್ಷಣದಿಂದ ಉತ್ತರಕ್ಕೆ ದಾರಿಯಿಲ್ಲದಂತಾಗುತ್ತದೆ.

ಹಿಂದೆ ಅಂಚೆಯಲ್ಲಿ ದೊರೆಯುತ್ತಿದ್ದ ಜವಾಬು ಕಾರ್ಡನ್ನು ಕಂಡವರಿಗೆ ಪರಿಹಾರವು ಹೊಸದೆನಿಸದು. ಒಂದು ಕಾರ್ಡಿಗೆ ಇನ್ನೊಂದು ಖಾಲಿ ಕಾರ್ಡು ಅಂಟಿರುತ್ತಿತ್ತು. ಅದರ ಮೇಲೆ ಕಳುಹಿಸಿದವನು ತನ್ನ ವಿಳಾಸವನ್ನು ತಾನೇ ಬರೆದಿರುತ್ತಿದ್ದನು. ಡಬ್ಲ್ಯು3ಸಿ ಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ‘ಡಬ್ಲ್ಯುಎಸ್-ಅಡ್ರೆಸಿಂಗ್’ ಎಂಬ ವಿಧಾನವು ಮಾಡಿದ್ದೂ ಬಹುಮಟ್ಟಿಗೆ ಇದನ್ನೇ. ಸಂದೇಶದ ತಲೆಬರಹದಲ್ಲಿ ಹೋಗಬೇಕಾದ ವಿಳಾಸದೊಡನೆ ಉತ್ತರವನ್ನು ಕಳುಹಿಸಬೇಕಾದ ವಿಳಾಸ, ದೋಷವುಂಟಾದರೆ ತಿಳಿಸಬೇಕಾದ ವಿಳಾಸ, ಆ ಸಂದೇಶಕ್ಕೇ ಮೀಸಲಾದ ಗುರುತು, ಇವಿಷ್ಟನ್ನೂ ಬರೆಯಬಹುದು. ಉತ್ತರವು ಹೊರಡುವಾಗ ‘ಇಂಥ ಗುರುತಿನ ಸಂದೇಶಕ್ಕೆ ಸಂಬಂಧಿಸಿದ್ದು’ ಎಂಬ ಉಲ್ಲೇಖವನ್ನು ಹೊತ್ತು ಹೊರಡುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು: ಕ್ಲೈಂಟು ಬರೆದ ವಿಳಾಸವನ್ನು ಸರ್ವರು ಪರೀಕ್ಷಿಸದೆ ನಂಬಿದರೆ ಒಬ್ಬನ ಹೊಲದ ಕಾಗದ ಮತ್ತೊಬ್ಬನ ಮನೆ ಸೇರೀತು.

ವಿಳಾಸಕ್ಕಿಂತ ಗುರುತೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ. 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಗೆ ಬಂದ ಸಕಾಲ ಯೋಜನೆಯಲ್ಲಿ ಅರ್ಜಿದಾರನಿಗೆ ಸ್ವೀಕೃತಿಯೊಡನೆ ಒಂದು ಸಂಖ್ಯೆ ದೊರೆಯುತ್ತದೆ. ಅರ್ಜಿಯ ಸ್ಥಿತಿಯನ್ನು ಆ ಸಂಖ್ಯೆಯಿಂದ ತಿಳಿಯಬಹುದು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ನಾಲ್ವರಿರಬಹುದು. ಸಂಖ್ಯೆ ಮಾತ್ರ ಒಬ್ಬರದೇ.

ಕ್ಲೈಂಟಿಗೆ ಹೊರಗಿನಿಂದ ತಲುಪಬಹುದಾದ ವಿಳಾಸವೇ ಇಲ್ಲದಿದ್ದರೆ? ಕೈಯ ಮೊಬೈಲು, ಕಚೇರಿಯ ಒಳಜಾಲದ ಕಂಪ್ಯೂಟರು, ಇವುಗಳ ಸ್ಥಿತಿ ಸಾಮಾನ್ಯವಾಗಿ ಇದೇ. ಇವು ಹೊರಗೆ ಕರೆಯಬಲ್ಲವು. ಹೊರಗಿನವರು ಇವನ್ನು ಕರೆಯಲಾರರು. ಆಗ ಸರ್ವರು ಉತ್ತರವನ್ನು ಸರದಿಯಲ್ಲಿಟ್ಟು ಕಾಯಬೇಕು. ಕ್ಲೈಂಟು ಆಗಾಗ ಬಂದು ‘ನನ್ನ ಪಾಲಿನದು ಏನಾದರೂ ಇದೆಯೇ?’ ಎಂದು ವಿಚಾರಿಸಬೇಕು. ಓಯಾಸಿಸ್ ಸಂಸ್ಥೆಯು 2009ರಲ್ಲಿ ಮಾನಕವೆಂದು ಒಪ್ಪಿದ ‘ಡಬ್ಲ್ಯುಎಸ್-ಮೇಕ್‌ಕನೆಕ್ಷನ್’ ಈ ವಿಚಾರಣೆಗೇ ಒಂದು ಕ್ರಮವನ್ನು ಕೊಟ್ಟಿತು. ನಿಮಿಷಕ್ಕೊಮ್ಮೆ ಕೇಳಿದರೆ ಸರ್ವರಿಗೆ ಹೊರೆ. ದಿನಕ್ಕೊಮ್ಮೆ ಕೇಳಿದರೆ ಬಿತ್ತನೆಯ ಸಾಲಕ್ಕಾಗಿ ಉತಾರವನ್ನು ಕಾಯುವ ರೈತನಿಗೆ ತೊಂದರೆ. ಮೊದಲು ಬೇಗಬೇಗನೆ ಕೇಳಿ, ಬರಬರುತ್ತ ಅಂತರವನ್ನು ಹೆಚ್ಚಿಸುವುದು ರೂಢಿ.

ಇದಕ್ಕಿಂತ ತೊಡಕಿನದು ಪುನರಾವೃತ್ತಿ. ಸಂದೇಶವು ಸರ್ವರನ್ನು ತಲುಪಿ, ‘ಸ್ವೀಕರಿಸಿದೆ’ ಎಂಬ ಮಾತು ಹಿಂದಿರುಗುವಾಗ ಸಂಪರ್ಕ ಕಡಿಯಿತೆನ್ನಿರಿ. ಸಂದೇಶವೇ ಕಳೆದುಹೋಯಿತೋ ಸ್ವೀಕೃತಿಯಷ್ಟೇ ಕಳೆಯಿತೋ ಎಂದು ಕ್ಲೈಂಟಿಗೆ ತಿಳಿಯುವ ಉಪಾಯವಿಲ್ಲ. ಅದು ಮತ್ತೆ ಕಳುಹಿಸುತ್ತದೆ, ಕಳುಹಿಸತಕ್ಕದ್ದೇ ಸರಿ. ಸರ್ವರು ಅದನ್ನು ಹೊಸದೆಂದು ಬಗೆದರೆ ಒಂದೇ ಕ್ರಯಕ್ಕೆ ಎರಡು ಹಕ್ಕುಬದಲಾವಣೆಗಳು ಮೊದಲಾಗುತ್ತವೆ. ಆದಕಾರಣ ಸರ್ವರು ಬಂದ ಗುರುತುಗಳನ್ನೆಲ್ಲ ಬರೆದಿಟ್ಟುಕೊಂಡು, ಕಂಡ ಗುರುತೇ ಮತ್ತೆ ಬಂದಾಗ ಕೆಲಸವನ್ನು ಪುನಃ ಮಾಡದೆ ಹಳೆಯ ಉತ್ತರವನ್ನೇ ಕೊಡಬೇಕು. ಮರುಕಳುಹಿಸುವಾಗ ಕ್ಲೈಂಟು ಗುರುತನ್ನು ಬದಲಿಸಬಾರದು. ವಿದ್ಯಾರ್ಥಿಗಳು ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಇನ್ನು ಮೂಡಲಗಿಯ ಮಾತು. ಹಿಂದೆ ಗೋಕಾಕ ತಾಲೂಕಿನ ಭಾಗವಾಗಿದ್ದ ಮೂಡಲಗಿ ಈಗ ಪ್ರತ್ಯೇಕ ತಾಲೂಕು. ಪ್ರತಿ ತಾಲೂಕಿಗೂ ಒಂದು ಸರದಿಯಿರುವ, ಪ್ರತಿ ಕ್ಲೈಂಟಿನಲ್ಲೂ ‘ಈ ಗ್ರಾಮದ ಸಂದೇಶ ಗೋಕಾಕಕ್ಕೆ’ ಎಂದು ಬರೆದಿಟ್ಟಿರುವ ಒಂದು ವ್ಯವಸ್ಥೆಯನ್ನು ಕಲ್ಪಿಸಿಕೊಳ್ಳೋಣ. ತಾಲೂಕು ಒಡೆದ ದಿನ ಅವೆಲ್ಲವನ್ನೂ ತಿದ್ದಬೇಕಾಗುತ್ತದೆ. ತಿದ್ದದೆ ಉಳಿದ ಒಂದೆರಡರಿಂದ ಸಂದೇಶಗಳು ದಾರಿ ತಪ್ಪುತ್ತವೆ. ಕ್ಲೈಂಟು ಗ್ರಾಮದ ಸಂಕೇತವನ್ನಷ್ಟೇ ಬರೆದು, ಯಾವ ಗ್ರಾಮ ಯಾವ ತಾಲೂಕಿಗೆ ಎಂಬ ಪಟ್ಟಿಯನ್ನು ನಡುವಿನ ಮಾರ್ಗನಿರ್ಣಾಯಕ ಯಂತ್ರದಲ್ಲಿಟ್ಟರೆ ಒಂದೇ ಕಡೆ ತಿದ್ದಿದರೆ ಸಾಕು. ಆದರೂ, ಒಡೆಯುವ ಮೊದಲೇ ಗೋಕಾಕದ ಸರದಿಯನ್ನು ಸೇರಿ ಇತ್ಯರ್ಥವಾಗದೆ ನಿಂತ ಸಂದೇಶಗಳಿರುತ್ತವೆ. ಅವನ್ನು ಗುರುತಾಗಲಿ ಉತ್ತರದ ವಿಳಾಸವಾಗಲಿ ಕೆಡದಂತೆ ಮೂಡಲಗಿಯ ಸರದಿಗೆ ದಾಟಿಸಬೇಕು. ಹಳೆಯ ಸರದಿಯಲ್ಲಿಯೇ ವಿಚಾರಿಸಲು ಬರುವ ಕ್ಲೈಂಟುಗಳಿಗಾಗಿ, ಕೊನೆಯ ಉತ್ತರವು ವಿಲೇವಾರಿಯಾಗುವ ತನಕ, ಅದನ್ನು ಮುಚ್ಚದೆ ಇಡಬೇಕು.