ಹಾಳೆ ಮಡಚಿ ನೋಡಿ, ಆಮೇಲೆ ಇ-ರೀಡರ್ ತಗೊಳ್ಳಿ

ಇ-ರೀಡರ್ ತಗೋಬೇಕು, ದೊಡ್ಡದೋ ಚಿಕ್ಕದೋ ಅಂತ ಕೇಳಿಕೊಂಡು ಬರುವವರು ಈ ವರ್ಷ ನಮ್ಮ ಸಂಘದಲ್ಲಿ ಜಾಸ್ತಿಯಾಗಿದ್ದಾರೆ. ಕೆಲವರಿಗೆ ಇಂಟರ್ನ್‌ಶಿಪ್ ಸ್ಟೈಪೆಂಡ್ ಕೈಗೆ ಬಂದಿದೆ, ಕೆಲವರ ಮನೆಯಲ್ಲಿ "ಓದೋಕೆ ತಾನೇ, ತಗೋ" ಅಂದಿದ್ದಾರೆ. ಆದರೆ ತಪ್ಪು ತಗೊಂಡು ಇನ್ನೊಂದು ಸಲ ತಗೊಳ್ಳುವಷ್ಟು ದುಡ್ಡು ನಮ್ಮಲ್ಲಿ ಯಾರ ಹತ್ರಾನೂ ಇಲ್ಲ. 2022ರಲ್ಲಿ ಅಮೆಜಾನ್ ಅಮೆರಿಕದಲ್ಲಿ 6 ಇಂಚಿನ ಕಿಂಡಲ್‌ಗೆ ಇಟ್ಟ ಬೆಲೆ 100 ಡಾಲರ್. ಪೆನ್ನಲ್ಲಿ ಬರೆಯಬಹುದಾದ 10.2 ಇಂಚಿನ ಕಿಂಡಲ್ ಸ್ಕ್ರೈಬ್‌ಗೆ 340 ಡಾಲರ್. ಅಂತರ ಮೂರು ಪಟ್ಟಿಗೂ ಹೆಚ್ಚು. ಹಾಗಾಗಿ ಮೊದಲು ಸ್ವಲ್ಪ ಲೆಕ್ಕ ಹಾಕೋಣ.

ಒಂದು ಎ4 ಹಾಳೆ ತಗೊಂಡು ಮಧ್ಯಕ್ಕೆ ಮಡಚಿ. 148 × 210 ಮಿ.ಮೀ. ಆಯ್ತು. 10.3 ಇಂಚಿನ "ದೊಡ್ಡ" ಇ-ರೀಡರ್‌ನ ಸ್ಕ್ರೀನ್ ಹೆಚ್ಚುಕಮ್ಮಿ ಇಷ್ಟೇ. ಇನ್ನೊಂದು ಸಲ ಮಡಚಿ. 6 ಇಂಚಿನದು ಇದಕ್ಕಿಂತಲೂ ಚಿಕ್ಕದು, ಸುಮಾರು 91 × 122 ಮಿ.ಮೀ. ಎ4 ಹಾಳೆಯ ಕರ್ಣ 14.3 ಇಂಚು. ಅಂದರೆ ದೊಡ್ಡದು ತಗೊಂಡರೂ ಎ4 ಪುಟ ಪೂರ್ತಿ ಅಳತೆಯಲ್ಲಿ ಕಾಣಲ್ಲ.

ಕಾದಂಬರಿ ಓದುವವರಿಗೆ ಇದ್ಯಾವುದೂ ತಲೆನೋವಲ್ಲ. ಇ-ಪಬ್ ಫೈಲಿನಲ್ಲಿ ಅಕ್ಷರಗಳು ನೀರಿನ ಹಾಗೆ. ಯಾವ ಪಾತ್ರೆಗೆ ಹಾಕಿದರೆ ಆ ಆಕಾರ. ಫಾಂಟ್ ದೊಡ್ಡದು ಮಾಡಿದರೆ ಸಾಲು ತಾನೇ ಮುಂದಕ್ಕೆ ಸರಿಯುತ್ತೆ. ತೊಂದರೆ ಇರೋದು ಪಿಡಿಎಫ್‌ನಲ್ಲಿ, ಮತ್ತು ನಮ್ಮ ಬದುಕೇ ಪಿಡಿಎಫ್. ಸೀನಿಯರ್ ಕೊಟ್ಟ ನೋಟ್ಸ್, ಹಳೇ ಪ್ರಶ್ನೆಪತ್ರಿಕೆ, ಡೇಟಾಶೀಟ್, ಪಠ್ಯಪುಸ್ತಕ ಎಲ್ಲವೂ ಅದೇ. ಅಲ್ಲಿ ಪುಟ ಅಂದ್ರೆ ಪುಟ, ಅಲುಗಾಡಲ್ಲ. ಎ4 ಪುಟ 10.3 ಇಂಚಿನಲ್ಲಿ ಸುಮಾರು 71 ಶೇಕಡಾಕ್ಕೆ ಇಳಿಯುತ್ತೆ: 10 ಪಾಯಿಂಟ್ ಅಕ್ಷರ 7 ಪಾಯಿಂಟ್ ಆಗುತ್ತೆ. ಓದಬಹುದು. 6 ಇಂಚಿನಲ್ಲಿ 41 ಶೇಕಡಾ: 10 ಪಾಯಿಂಟ್ ಹೋಗಿ 4. ಮಾತ್ರೆ ಪಟ್ಟಿಯ ಹಿಂದಿನ ಅಕ್ಷರವೇ ವಾಸಿ. ಸಮೀಕರಣದಲ್ಲಿ ಕೆಳಗೆ ಕೂತ 'ಐ' ಯಾವುದು 'ಜೆ' ಯಾವುದು ಗೊತ್ತಾಗಲ್ಲ. ಕನ್ನಡದಲ್ಲಾದರೆ ಮೊದಲು ಕಾಣೆಯಾಗೋದು ಒತ್ತಕ್ಷರ.

ಇಷ್ಟು ಓದಿ ದೊಡ್ಡದೇ ಬೇಕು ಅಂತ ಹೊರಡಬೇಡಿ. ಐಇಇಇ ಪೇಪರಿನ ಒಂದು ಪುಟದಲ್ಲಿ ಎರಡು ಕಾಲಂ ಇರುತ್ತಲ್ಲ, ಒಂದು ಕಾಲಂನ ಅಗಲ ಸುಮಾರು 3.5 ಇಂಚು. 6 ಇಂಚಿನ ಸ್ಕ್ರೀನಿನ ಅಗಲ 3.6 ಇಂಚು. ಒಂದೊಂದೇ ಕಾಲಂ ಹಿಗ್ಗಿಸಿ ಓದಿದರೆ ಅಚ್ಚಿನಲ್ಲಿ ಇದ್ದಷ್ಟೇ ದೊಡ್ಡ ಅಕ್ಷರ ಸಿಗುತ್ತೆ! ಕೋರೀಡರ್ ಅನ್ನೋ ಉಚಿತ ಓಪನ್ ಸೋರ್ಸ್ ಆ್ಯಪ್‌ನಲ್ಲಿ ಅಂಚು ಕತ್ತರಿಸೋದು, ಪುಟ ಬಿಡಿಸಿ ಹರಿಯೋ ಹಾಗೆ ಮಾಡೋದು ಎಲ್ಲಾ ಇದೆ. ಎರಡೂ ಕಾಲಂ ಅಗಲಕ್ಕೆ ಹರಡಿಕೊಂಡ ಚಿತ್ರ ಬಂದಾಗ ಮಾತ್ರ ಒದ್ದಾಟ. ಹಳೇ ಕನ್ನಡ ಪುಸ್ತಕದ ಸ್ಕ್ಯಾನ್‌ಗಳೂ ಹೀಗೇ. ಡೆಮಿ ಅಳತೆಯ ಪುಸ್ತಕದ ಅಗಲ ಸುಮಾರು 14 ಸೆಂ.ಮೀ., ಸುತ್ತಲ ಖಾಲಿ ಅಂಚು ತೆಗೆದರೆ ಅಕ್ಷರ ಇರೋ ಜಾಗ ಹತ್ತು ಹತ್ತೂವರೆ. ಅರ್ಧರ್ಧ ಪುಟದಂತೆ ಚಿಕ್ಕದರಲ್ಲಿ ಆರಾಮಾಗಿ ಓದಬಹುದು. ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿದ ಕಾದಂಬರಿಗಳನ್ನ ನಾವು ಓದಿದ್ದು ಹೀಗೇ.

ಚಿಕ್ಕದು ನಿಜವಾಗಿ ಸೋಲೋದು ಅಗಲ ಸಾಲಿನ ಪಠ್ಯಪುಸ್ತಕದಲ್ಲಿ, ಸರ್ಕ್ಯೂಟ್ ಚಿತ್ರದಲ್ಲಿ. ಅಲ್ಲಿ ದೊಡ್ಡದೂ ಪೂರ್ತಿ ಗೆಲ್ಲಲ್ಲ. ಇ-ಇಂಕ್ ಅಂದರೆ ಕೂದಲೆಳೆಯಷ್ಟು ಚಿಕ್ಕ ಗುಳಿಗೆಗಳೊಳಗೆ ಕಪ್ಪು-ಬಿಳಿ ಕಣಗಳು. ಒಂದಕ್ಕೆ ಧನ, ಇನ್ನೊಂದಕ್ಕೆ ಋಣ ವಿದ್ಯುದಾವೇಶ. ವಿದ್ಯುತ್ ಕ್ಷೇತ್ರ ಬದಲಾದಾಗ ಅವು ದ್ರವದಲ್ಲಿ ಮೇಲೆ-ಕೆಳಗೆ ಈಜಬೇಕು. ಹಾಗಾಗಿ ಪುಟ ನಿಂತಿರುವಾಗ ಬ್ಯಾಟರಿ ಖರ್ಚಾಗಲ್ಲ, ಆದರೆ ಪುಟ ತಿರುವೋದು ನಿಧಾನ. ಲೆಕ್ಕ 4.17 ಮಾಡ್ತಾ ಹಿಂದಿನ ಟೇಬಲ್‌ಗೆ ಹೋಗಿ ಬರೋದು, ಉತ್ತರ ನೋಡೋಕೆ ಕೊನೆಗೆ ಹಾರೋದು, ಇದರಲ್ಲೆಲ್ಲ ಬೆರಳು ಸಿಕ್ಕಿಸಿದ ಕಾಗದದ ಪುಸ್ತಕವನ್ನ ಯಾವುದೂ ಮೀರಿಸಲ್ಲ.

ಇನ್ನು ಪೆನ್ನು. 2009ರಲ್ಲಿ ಪ್ರಿನ್ಸ್‌ಟನ್ ಸೇರಿ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳಿಗೆ 9.7 ಇಂಚಿನ ಕಿಂಡಲ್ ಡಿಎಕ್ಸ್ ಕೊಟ್ಟು ನೋಡಿದವು. ಸ್ಕ್ರೀನ್ ದೊಡ್ಡದಿತ್ತು, ಆದರೆ ಪೆನ್ನಿರಲಿಲ್ಲ. ಟಿಪ್ಪಣಿಗೆ ಪುಟ್ಟ ಕೀಬೋರ್ಡೇ ಗತಿ. ಪುಟದ ಅಂಚಲ್ಲಿ ಬರೆಯೋಕೆ ಆಗ್ತಿಲ್ಲ ಅನ್ನೋದೇ ಅಲ್ಲಿ ಬಂದ ದೊಡ್ಡ ದೂರು. ಈಗಿನ ದೊಡ್ಡ ರೀಡರ್‌ಗಳು ಆ ದೂರಿಗೆ ಉತ್ತರ ಕೊಟ್ಟಿವೆ. ಹಲವುದರ ಪೆನ್ನಿಗೆ ಬ್ಯಾಟರಿಯೇ ಬೇಡ: ಸ್ಕ್ರೀನಿನ ಕೆಳಗಿನ ಹಲಗೆ ಹೊರಡಿಸೋ ಕಾಂತಕ್ಷೇತ್ರದಿಂದಲೇ ಪೆನ್ನೊಳಗಿನ ಸುರುಳಿ ಶಕ್ತಿ ಪಡೆದು ಮರುದನಿ ಕೊಡುತ್ತೆ. ಇಸಿಇ ಗೆಳೆಯರು ರೆಸೊನೆನ್ಸ್ ಪಾಠ ನೆನಪಿಸಿಕೊಳ್ಳಿ.

ಬರೆಯೋಕೆ ಚೆನ್ನಾಗಿದೆ, ನಿಜ. ಆದರೆ ಬರೆದದ್ದನ್ನ ಯಾರಿಗೆ ಕೊಡ್ತೀರಿ? ನಮ್ಮಲ್ಲಿ ಲ್ಯಾಬ್ ರೆಕಾರ್ಡ್ ಕಾಗದದ ಮೇಲೇ ಆಗಬೇಕು, ಇಂಟರ್ನಲ್ಸೂ ನೀಲಿ ಪುಸ್ತಕದಲ್ಲೇ. ದೊಡ್ಡದು ತಗೊಂಡ ನಮ್ಮ ಗೆಳೆಯರೊಬ್ಬರು ಮೊದಲ ತಿಂಗಳು ಎಲ್ಲಾ ಕ್ಲಾಸಿನ ನೋಟ್ಸೂ ಅದರಲ್ಲೇ ಬರೆದರು. ಎರಡನೇ ತಿಂಗಳಿಂದ ಮತ್ತೆ ಲಾಂಗ್ ನೋಟ್‌ಬುಕ್ಕು. ಕೊನೆಯ ವರ್ಷ ಪ್ರಾಜೆಕ್ಟಿಗೆ ನಲವತ್ತು ಪೇಪರ್ ಓದಿ ಗುರುತು ಹಾಕಬೇಕಾದಾಗ ಅದನ್ನೇ ಹೊರಗೆ ತೆಗೆದರು, ಆಮೇಲೆ ಕೈಬಿಡಲೇ ಇಲ್ಲ.

ಹೊತ್ತು ತಿರುಗೋದನ್ನೂ ಯೋಚಿಸಿ. ಮೇಲೆ ಹೇಳಿದ ಎರಡರಲ್ಲಿ ಚಿಕ್ಕದು 158 ಗ್ರಾಂ, ದೊಡ್ಡದು 433 ಗ್ರಾಂ. ಚಿಕ್ಕದನ್ನ ಬಸ್ಸಲ್ಲಿ ಒಂದು ಕೈಲಿ ಕಂಬಿ ಹಿಡಿದು ಇನ್ನೊಂದು ಕೈಲಿ ಓದಬಹುದು. ದೊಡ್ಡದಕ್ಕೆ ಕೂರೋ ಜಾಗ ಬೇಕು. ಬಹಳಷ್ಟು ಇ-ಇಂಕ್ ಸ್ಕ್ರೀನಿನ ಹಿಂದೆ ತೆಳು ಗಾಜಿರುತ್ತೆ. ನಮ್ಮ ಗುಂಪಲ್ಲಿ ಒಡೆದ ಒಂದೇ ಒಂದು ರೀಡರ್ ಕೆಳಗೆ ಬಿದ್ದಿದ್ದಲ್ಲ, ಬ್ಯಾಗಲ್ಲಿ ಮಿನಿ ಡ್ರಾಫ್ಟರ್ ಮತ್ತೆ ಸ್ಟೀಲ್ ಡಬ್ಬಿಯ ನಡುವೆ ಸಿಕ್ಕಿಕೊಂಡಿದ್ದು. ಹೊಸದರ ಬೆಲೆಯ ಅರ್ಧಕ್ಕಿಂತ ಜಾಸ್ತಿ ರಿಪೇರಿಗೆ ಕೇಳಿದರು; ಈಗಲೂ ಹಾಗೇ ಬಿದ್ದಿದೆ.

ನಮ್ಮ ಅಭಿಪ್ರಾಯ ಕೇಳಿದರೆ, ಮೊದಲ ಮೂರು ವರ್ಷದವರು ಚಿಕ್ಕದು ತಗೊಂಡು ಉಳಿದ ದುಡ್ಡನ್ನ ಜೋಪಾನ ಮಾಡಿ. ಪ್ರಾಜೆಕ್ಟು, ಎಂ.ಟೆಕ್ ಅಂತ ಪೇಪರುಗಳ ಮೇಲೆ ಗೀಚುತ್ತಾ ಓದುವವರಿಗೆ ಮಾತ್ರ ದೊಡ್ಡದು.

ಇದನ್ನ ನಂಬಿಬಿಡಬೇಡಿ. ಬರುವ ಸೆಮಿಸ್ಟರಲ್ಲಿ ನೀವು ಅತಿ ಹೆಚ್ಚು ತೆರೆಯೋ ಪಿಡಿಎಫ್‌ನ ಒಂದು ಪುಟವನ್ನ ಜೆರಾಕ್ಸ್ ಅಂಗಡಿಯಲ್ಲಿ 71 ಶೇಕಡಾಕ್ಕೆ ಇಳಿಸಿ ತೆಗೆಸಿ. ಅದು ದೊಡ್ಡ ರೀಡರ್. ಆ ಪ್ರತಿಯನ್ನೇ ಮತ್ತೆ 71ಕ್ಕೆ ಇಳಿಸಿದರೆ 50 ಶೇಕಡಾ ಆಗುತ್ತೆ. ಚಿಕ್ಕದರಲ್ಲಿ ಪೂರ್ತಿ ಪುಟ ಇದಕ್ಕಿಂತಲೂ ಸಣ್ಣಗೆ ಕಾಣುತ್ತೆ. ರಾತ್ರಿ ಹಾಸ್ಟೆಲ್ ರೂಮಿನ ಟ್ಯೂಬ್‌ಲೈಟಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಹತ್ತು ನಿಮಿಷ ಓದಿ.