ಗುಡಿ, ಬಾವಿ, ಕೆರೆ: ಉಳಿಸುವುದೂ ಒಂದು ಓದು

ಹಳೆಯ ಕಟ್ಟಡವನ್ನು ಕಟ್ಟಿದವರಿಗೆ ಎಷ್ಟು ವಿದ್ಯೆ ಬೇಕಿತ್ತೋ ಅದನ್ನು ಉಳಿಸುವವರಿಗೂ ಅಷ್ಟೇ ಬೇಕು. ಗದಗ ಸೀಮೆಯ ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿಯನ್ನೇ ನೋಡಿ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ತಿರುಗಿಸುತ್ತ ಹೋದರೆ ಮೂಡುವ 24 ಮೂಲೆಗಳ ನಕ್ಷತ್ರವೇ ಗರ್ಭಗುಡಿಯ ಹೊರಮೈ. ಆ ಏಣುಗಳು ಅಧಿಷ್ಠಾನದಿಂದ ಗೋಡೆಗೆ, ಗೋಡೆಯಿಂದ ಶಿಖರಕ್ಕೆ ಏರುತ್ತವೆ. ಬುಡದಲ್ಲೊಂದು ಕಲ್ಲು ಸರಿದರೂ ಲೆಕ್ಕ ಮೇಲಿನವರೆಗೆ ತಪ್ಪುತ್ತದೆ. ಇಂಥ ಕಟ್ಟಡಕ್ಕೆ ಕೈ ಹಚ್ಚುವ ಮೊದಲು ಅಳತೆ ತೆಗೆಯುವುದು, ಕಲ್ಲು ಕಲ್ಲಿಗೂ ಸಂಖ್ಯೆ ಕೊಡುವುದು, ಬಿರುಕಿನ ಮೂಲ ಹುಡುಕುವುದು, ಎಷ್ಟು ಮುಟ್ಟಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವುದು, ಇವನ್ನೆಲ್ಲ ಕ್ರಮವಾಗಿ ಕಲಿಸುವುದೇ ಪರಂಪರೆ ಸಂರಕ್ಷಣೆಯ ಸ್ನಾತಕೋತ್ತರ ಅಧ್ಯಯನ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಮಾರ್ಸ್ಟನ್ ಫಿಚ್ 1964ರಲ್ಲಿ ಈ ಓದಿಗೆ ಅಡಿಪಾಯ ಹಾಕಿದರು. ಸಂರಕ್ಷಣೆಯ ತತ್ವಗಳನ್ನು ಹೇಳುವ ವೆನಿಸ್ ಸನ್ನದು ರೂಪುಗೊಂಡದ್ದೂ ಅದೇ ವರ್ಷ. ನಮ್ಮ ದೇಶದಲ್ಲಿ ದೆಹಲಿ, ಭೋಪಾಲಗಳ ಸ್ಕೂಲ್ ಆಫ್ ಪ್ಲಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್ ಸಂಸ್ಥೆಗಳಲ್ಲಿ ವಾಸ್ತುಶಿಲ್ಪ ಪದವೀಧರರಿಗೆ ಎರಡು ವರ್ಷದ ಸಂರಕ್ಷಣಾ ಎಂ.ಆರ್ಕ್. ಇದೆ. ಶಾಸನ ಓದುವ ವಿದ್ಯೆಯನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಪುರಾತತ್ವವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕಲಿಸುತ್ತವೆ. ಹೀಗೆ ಬೇರೆ ಬೇರೆ ಕಡೆ ಹಂಚಿಹೋದ ಈ ವಿದ್ಯೆಗಳು ಒಂದೇ ಪಾಠಕ್ರಮದಲ್ಲಿ ಕೂಡಬೇಕು. ಏಕೆಂಬುದಕ್ಕೆ ಉತ್ತರ ಗದಗ ಸೀಮೆಯಲ್ಲೇ ಇದೆ.

ಇಲ್ಲಿ ಗುಡಿಯೊಂದೇ ಒಂಟಿಯಾಗಿ ನಿಂತಿಲ್ಲ. ಲಕ್ಕುಂಡಿಯ ಮಾಣಿಕೇಶ್ವರ ಗುಡಿಗೆ ಹೊಂದಿಕೊಂಡೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮುಸುಕಿನ ಬಾವಿ ಇದೆ. ಸುತ್ತಲಿನ ಅಂತರ್ಜಲ ಇಳಿದರೆ ಬಾವಿಯ ಬದುಕೂ ಮುಗಿಯುತ್ತದೆ. ಕಲ್ಲನ್ನಷ್ಟೇ ಕಾಯ್ದರೆ ಉಳಿಯುವುದು ಒಣಗಿದ ಗುಂಡಿ. ಶಿರಹಟ್ಟಿ ಬಳಿಯ ಮಾಗಡಿ ಕೆರೆಯನ್ನು ಹಿಂದಿನವರು ನೀರಾವರಿಗೆಂದು ಕಟ್ಟಿದರು. ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು ಕೆರೆಯಲ್ಲಿ ತಂಗಿ ಸುತ್ತಲ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಯನ್ನು ಏರಿ, ತೂಬು, ಹೊಲ, ಹಕ್ಕಿ ಎಲ್ಲವನ್ನೂ ಕೂಡಿಸಿಯೇ ಕಾಯಬೇಕು. ಭೂದೃಶ್ಯ ಸಂರಕ್ಷಣೆಯೆಂದರೆ ಇದೇ.

ಕಾಯಲು ಪುರಾತತ್ವ ಇಲಾಖೆ ಇದೆಯಲ್ಲ, ಕಾನೂನು ಇದೆಯಲ್ಲ ಎನ್ನಬಹುದು. ಕೇಂದ್ರದ 1958ರ ಕಾಯ್ದೆ ಇದೆ; 2010ರ ತಿದ್ದುಪಡಿ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ ವಲಯವೆಂದೂ ಅದರಾಚೆಯ 200 ಮೀಟರನ್ನು ನಿಯಂತ್ರಿತ ವಲಯವೆಂದೂ ಗುರುತಿಸಿತು. ರಾಜ್ಯದ್ದು 1961ರ ಕಾಯ್ದೆ. ಆದರೆ ಏನು ಮಾಡಕೂಡದು ಎಂದು ಕಾನೂನು ಹೇಳೀತೇ ಹೊರತು ದುರಸ್ತಿಯ ವಿವೇಕವನ್ನು ಅದು ಕೊಡಲಾರದು. ಸಂರಕ್ಷಿತ ಸ್ಮಾರಕಗಳ ಪಟ್ಟಿಯ ಹೊರಗಿರುವ ನೇಕಾರರ ಮನೆ, ಮಣ್ಣಿನ ಮಾಳಿಗೆ, ಊರಬಾವಿಗಳನ್ನು ಅದು ಮುಟ್ಟುವುದೂ ಇಲ್ಲ. ಸೋರುವ ಮಾಳಿಗೆಯ ಕೆಳಗೆ ಬಡವರು ಪರಂಪರೆ ಕಾಯುತ್ತ ಕೂರಬೇಕೇ ಎಂಬ ಪ್ರಶ್ನೆ ಕಾನೂನಿನ ಮಾತಿಗಿಂತ ಗಟ್ಟಿಯಾದದ್ದು. ಖಂಡಿತ ಕೂರಬೇಕಿಲ್ಲ. ತೊಲೆ ಬದಲಿಸಿ, ಮೇಲ್ಮುದ್ದೆ ಸರಿಪಡಿಸಿ, ಶೌಚಾಲಯವನ್ನೂ ಬೆಳಕನ್ನೂ ಒಳಗೆ ತಂದು ಮನೆಯನ್ನು ಇಂದಿನ ಬದುಕಿಗೆ ಒಗ್ಗಿಸುವುದು ಈ ಓದಿನ ಮುಖ್ಯ ಭಾಗ.

ಅನುಭವಿ ಗೌಂಡಿಗಳಿರುವಾಗ ಪದವಿ ಏಕೆ ಎಂಬ ಮಾತೂ ಇದೆ. ಅವರ ಕೈಗುಣಕ್ಕೆ ಸಾಟಿಯಿಲ್ಲ. ಅವರನ್ನು ಗುರುಗಳಾಗಿ ಕೂರಿಸಿಕೊಳ್ಳದ ಕೋರ್ಸು ಅರ್ಧ ಕೋರ್ಸೇ ಸರಿ. ಆದರೆ ಸುಣ್ಣದ ಗಾರೆಯ ಜಾಗವನ್ನು ಸಿಮೆಂಟ್ ಹಿಡಿದ ಮೇಲೆ ಆ ಕೈಗುಣಕ್ಕೇ ಕೆಲಸ ತಪ್ಪಿದೆ. ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಇಲ್ಲಿ ನೆಚ್ಚಿಕೊಂಡದ್ದು ಸೂಕ್ಷ್ಮ ಕೆತ್ತನೆಗೆ ಒದಗುವ ಮೆದುವಾದ ಬಳಪದ ಕಲ್ಲನ್ನು. ಅಂಥ ಕಲ್ಲಿನ ಸಂದಿಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಕಲ್ಲಿನ ಮೈಯಿಂದಲೇ ಹೊರಬೀಳುತ್ತದೆ, ಜೊತೆಗೆ ಬಂದ ಉಪ್ಪು ಕೆತ್ತನೆಯ ಮೇಲ್ಪದರವನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಇದನ್ನು ಪ್ರಯೋಗಾಲಯದಲ್ಲಿ ತೋರಿಸಿ ಟೆಂಡರಿನಲ್ಲಿ ಸುಣ್ಣವನ್ನೇ ಬರೆಸಬಲ್ಲ ತಜ್ಞರಿದ್ದರೆ ಗೌಂಡಿಗೂ ಕೆಲಸ ಮರಳುತ್ತದೆ.

ಓದಿದವರಿಗೆ ನೌಕರಿ ಎಲ್ಲಿ ಎಂಬ ಚಿಂತೆ ನ್ಯಾಯವಾದದ್ದೇ. ಲಕ್ಷ್ಮೇಶ್ವರದ ಸೋಮೇಶ್ವರದಂಥ ಪೂಜೆ ನಡೆಯುವ ಗುಡಿಗಳಿಗೆ, ನಗರಸಭೆಗೆ, ಪಂಚಾಯಿತಿಗಳಿಗೆ ಇಂಥವರ ಅಗತ್ಯವಿದೆ. ಅಗತ್ಯವನ್ನು ಹುದ್ದೆಯಾಗಿಸುವುದು ಸರ್ಕಾರದ ಕೆಲಸ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಅದು ಧಾರವಾಡ, ಹಂಪಿಗಳ ವಿಭಾಗಗಳ ಜೊತೆ, ವಾಸ್ತುಶಿಲ್ಪ ಕಾಲೇಜೊಂದರ ಜೊತೆ ಕೈಜೋಡಿಸಿದರೆ ಕನ್ನಡದಲ್ಲೇ ಕಲಿಯಬಹುದಾದ ಸಂರಕ್ಷಣಾ ಕೋರ್ಸು ಇಲ್ಲೇ ಆರಂಭವಾಗಬಹುದು. ಪಾಠಕ್ಕೆ ಬೇಕಾದ ಗುಡಿ, ಬಾವಿ, ಕೆರೆಗಳು ಕಣ್ಣೆದುರೇ ಇವೆ; ಅವು ಹಾಳಾಗುವ ಮುನ್ನ ತರಗತಿ ಶುರುವಾಗಬೇಕು.