ಕೇಳಿಕೆಯ ‘ಮೂಲ’ ಎಲ್ಲಿದೆ? ಕೋಲಾರ ಸೀಮೆಯ ಬಯಲಾಟದ ಮರುಪ್ರಯೋಗವನ್ನು ಕುರಿತು

ಮೂಡಲಪಾಯ ಬಯಲಾಟವನ್ನು ಕೋಲಾರ ಸೀಮೆಯಲ್ಲಿ ಕೇಳಿಕೆ ಎಂದು ಕರೆಯುವುದು ರೂಢಿ. ರಾತ್ರಿಯಿಡೀ ನಡೆಯುವ ಈ ಆಟವನ್ನು ಒಂದೆರಡು ಗಂಟೆಗಳಿಗೆ ಇಳಿಸಿ ಸಭಾಂಗಣಕ್ಕೆ ತಂದಾಗಲೆಲ್ಲ ‘ಮೂಲ ಕೆಟ್ಟಿತು’ ಎಂಬ ಆಕ್ಷೇಪವೂ ‘ಕಾಲಕ್ಕೆ ತಕ್ಕಂತೆ ಬದಲಾಗಬೇಕು’ ಎಂಬ ಸಮರ್ಥನೆಯೂ ಕೇಳಿಬರುತ್ತವೆ. ಆ ಮೂಲವು ಎಲ್ಲಿದೆಯೆಂದು ಎರಡು ಪಕ್ಷದವರೂ ವಿಚಾರಿಸಿದಂತಿಲ್ಲ.

ಪಾಶ್ಚಾತ್ಯ ಬ್ಯಾಲೆಯಲ್ಲಿಯೂ ಇದೇ ವಿವಾದವಿದೆ. ಮಾರಿಯುಸ್ ಪೆಟಿಪಾ 1890ರಲ್ಲಿ ಸಂಯೋಜಿಸಿದ ‘ಸ್ಲೀಪಿಂಗ್ ಬ್ಯೂಟಿ’ಯನ್ನು ಸೆರ್ಗೆಯ್ ವಿಖರೆವ್ 1999ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಮಾರಿಯಿನ್ಸ್ಕಿ ರಂಗಮಂದಿರಕ್ಕಾಗಿ ಹಳೆಯ ರೂಪದಲ್ಲಿ ಪುನಾರಚಿಸಿದರು. ಸ್ತೆಪಾನೋವ್ ರೂಪಿಸಿದ ನೃತ್ಯಲಿಪಿಯ ಬರಹಗಳು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಳಿದಿದ್ದುದರಿಂದ ಈ ಕಾರ್ಯ ಸಾಧ್ಯವಾಯಿತು. ಕೇಳಿಕೆಗೆ ಅಂತಹ ಲಿಪಿಯಿಲ್ಲ. ಪ್ರಸಂಗದ ಹಸ್ತಪ್ರತಿಯಲ್ಲಿ ಪದಗಳಿರುತ್ತವೆ, ಮಾತುಗಳಿರುತ್ತವೆ, ಹೆಜ್ಜೆಗಳಿರುವುದಿಲ್ಲ. ಅವು ಕಲಿಸುವ ಭಾಗವತನ ದೇಹದಲ್ಲಿವೆ. ಪ್ರಸಂಗವೊಂದನ್ನು ಶಾಸ್ತ್ರೀಯವಾಗಿ ಸಂಪಾದಿಸಿ ಅಚ್ಚು ಹಾಕಿಸಿದೊಡನೆ ಆಟವನ್ನು ಉಳಿಸಿದೆವೆಂದು ಭಾವಿಸುವ ನಮ್ಮ ವಿಭಾಗಗಳ ಅಭ್ಯಾಸ ಇಲ್ಲಿ ಎಡವುತ್ತದೆ.

ಪಡುವಲಪಾಯದಲ್ಲಿ ಶಿವರಾಮ ಕಾರಂತರ ನಿದರ್ಶನ ಹೆಚ್ಚು ಬೋಧಪ್ರದವಾದುದು. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕಾಗಿ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರು ಹಳೆಯ ವೇಷಭೂಷಣಗಳ ಶೋಧಕರೂ ಹೌದು. ಅದೇ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ಅರ್ಥಗಾರಿಕೆಯನ್ನು ಕೈಬಿಟ್ಟರು, ಪಿಟೀಲು ಮತ್ತು ಸ್ಯಾಕ್ಸೊಫೋನುಗಳನ್ನು ಸೇರಿಸಿದರು. ಅವರನ್ನು ಸಂಪ್ರದಾಯವಾದಿ ಅಥವಾ ನವ್ಯವಾದಿ ಎಂದು ವರ್ಗೀಕರಿಸಲಾಗದು. ಯಾವ ಅಂಗವನ್ನು ಉಳಿಸಿದರು, ಯಾವುದನ್ನು ಬಿಟ್ಟರು ಎಂದು ಬಿಡಿಬಿಡಿಯಾಗಿಯೇ ಕೇಳಬೇಕಾಗುತ್ತದೆ. ಮಾತನ್ನು ಬಿಟ್ಟದ್ದು ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ.

ಕೋಲಾರದಲ್ಲಿ ಈ ಪ್ರಶ್ನೆ ಇನ್ನಷ್ಟು ಜಟಿಲ. ಹಾರ್ಮೋನಿಯಂ ಕಂಪನಿ ನಾಟಕಗಳ ಪ್ರಭಾವದಿಂದ ಬಂದು ಮುಖವೀಣೆಯ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿತು. ಈಗ ಅದನ್ನು ತೆಗೆದರೆ ಮೂಲಕ್ಕೆ ಮರಳಿದಂತೆಯೋ, ಅದರ ಶ್ರುತಿಗೇ ಹೊಂದಿಕೊಂಡ ಹಾಡುಗಾರರನ್ನು ನಿರಾಧಾರಗೊಳಿಸಿದಂತೆಯೋ? ಭಾಷೆಯ ಸಮಸ್ಯೆಯೂ ಇದೆ. ಆಂಧ್ರದ ಗಡಿಗೆ ತಾಗಿದ ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ತೆಲುಗು ಮನೆಮಾತಾಗಿರುವ ಹಳ್ಳಿಗಳು ಹಲವು. ಜಿಲ್ಲೆಯ ಕೇಳಿಕೆಯಲ್ಲಿ ತೆಲುಗು ಪ್ರಸಂಗಗಳೂ ಆಡಲ್ಪಡುತ್ತವೆ. ಮಾಲೂರಿನತ್ತ ಬಂದರೆ ತಮಿಳುನಾಡಿನ ಗಡಿ. ಕನ್ನಡದ ವೇದಿಕೆಗೆಂದು ತೆಲುಗು ಪದವನ್ನು ಅನುವಾದಿಸಿದಾಗ ಅರ್ಥ ಉಳಿಯಬಹುದು; ಮಾತ್ರೆಗಳ ಹಂಚಿಕೆ ಬದಲಾಗಿ ಮದ್ದಳೆಯ ಪೆಟ್ಟು ಬೇರೆಡೆ ಬೀಳುತ್ತದೆ, ಪೆಟ್ಟಿಗೆ ಹೊಂದಿದ ಹೆಜ್ಜೆಯೂ ಸರಿಯುತ್ತದೆ. ಕಿರೀಟ, ಭುಜಕೀರ್ತಿಗಳು ಎಷ್ಟೇ ಹಳೆಯವಾಗಿದ್ದರೂ ಆ ವ್ಯತ್ಯಾಸವನ್ನು ಮುಚ್ಚಲಾರವು.

ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೊರಡುವ ಸಂಶೋಧಕರು ಹಸ್ತಪ್ರತಿಯ ಪಾಠಾಂತರಗಳನ್ನು ಗುರುತಿಸುವುದಕ್ಕೆ ಮುನ್ನ, ಒಂದೇ ಪದವನ್ನು ವೃದ್ಧ ಭಾಗವತರಿಂದ ಮುಖವೀಣೆಯೊಂದಿಗೆ ಒಮ್ಮೆ, ಹಾರ್ಮೋನಿಯಂನೊಂದಿಗೆ ಒಮ್ಮೆ ಹಾಡಿಸಿ, ಕುಣಿತದ ಸಹಿತ ದೃಶ್ಯಮುದ್ರಣ ಮಾಡಿಕೊಳ್ಳುವುದು ಅಗತ್ಯ.